ಮುಂಬಾಗಿಲಲ್ಲಿ ಘೋಷಣೆ, ಹಿಂಬಾಗಿಲಲ್ಲಿ ಬಿಡುಗಡೆ: ಬ್ರಿಟನ್ನಿನ ಜೈಲು ರಾಜಕೀಯ

2007ರ ಜೂನ್‌ನಲ್ಲಿ ಬ್ರಿಟನ್ನಿನ ಲೇಬರ್ ಸರಕಾರವು ತನ್ನ ಜೈಲುಗಳು ತುಂಬಿ ತುಳುಕುತ್ತಿರುವುದನ್ನು ಕಂಡು, ಕೈದಿಗಳನ್ನು ಅವಧಿಗಿಂತ 18 ದಿನ ಮೊದಲೇ ಹೊರಗೆ ಬಿಡುವ ಯೋಜನೆಯೊಂದನ್ನು ಜಾರಿಗೆ ತಂದಿತು. ಪ್ರತಿಪಕ್ಷದಲ್ಲಿದ್ದ ಕನ್ಸರ್ವೇಟಿವ್ ಪಕ್ಷ ಕೆಂಡಾಮಂಡಲವಾಯಿತು. ಸರಕಾರವು ಜನರ ಸುರಕ್ಷತೆಯನ್ನು ಪಣಕ್ಕಿಟ್ಟಿದೆ ಎಂದು ಆರೋಪಿಸಿತು. 2010ರಲ್ಲಿ ಆ ಯೋಜನೆ ನಿಲ್ಲುವ ವೇಳೆಗೆ ಸುಮಾರು 80,000 ಬಿಡುಗಡೆಗಳು ನಡೆದಿದ್ದವು. 2023ರ ಅಕ್ಟೋಬರ್‌ನಲ್ಲಿ ಅದೇ ಕನ್ಸರ್ವೇಟಿವ್ ಪಕ್ಷ ಅಧಿಕಾರದಲ್ಲಿತ್ತು. ಜೈಲುಗಳು ಮತ್ತೆ ತುಂಬಿದ್ದವು. ನ್ಯಾಯ ಸಚಿವ ಅಲೆಕ್ಸ್ ಚಾಕ್ ಅವರು ಕೈದಿಗಳನ್ನು ಅವಧಿಗೆ ಮೊದಲೇ ಬಿಡುವುದಾಗಿ ಪ್ರಕಟಿಸಿದರು. ಎಷ್ಟು ದಿನ ಮೊದಲು? ಸರಿಯಾಗಿ 18 ದಿನ. ಈ ಬಾರಿ ಕೂಗೆಬ್ಬಿಸುವ ಸರದಿ ಲೇಬರ್ ಪಕ್ಷದ್ದಾಗಿತ್ತು. ಆ 18 ದಿನಗಳು ಸದ್ದಿಲ್ಲದೆ 35 ಆದವು, ಬಳಿಕ 70 ಆದವು. 2024ರ ಜುಲೈಯಲ್ಲಿ ಲೇಬರ್ ಪಕ್ಷ ಅಧಿಕಾರಕ್ಕೆ ಬಂದ ಒಂದೇ ವಾರದಲ್ಲಿ, ಅರ್ಧ ಶಿಕ್ಷೆ ಮುಗಿದ ಮೇಲೆ ಬಿಡುಗಡೆಯಾಗಬೇಕಿದ್ದ ಕೈದಿಗಳನ್ನು ಶೇಕಡಾ 40ರಷ್ಟು ಅವಧಿ ಮುಗಿದ ಕೂಡಲೇ ಬಿಡುವ ನಿರ್ಧಾರವನ್ನು ಪ್ರಕಟಿಸಿತು. ಸೆಪ್ಟೆಂಬರ್ 10ರಂದು, ಮೊದಲ ದಿನವೇ, ಸುಮಾರು 1,700 ಮಂದಿ ಹೊರಬಂದರು. ಕನ್ಸರ್ವೇಟಿವ್ ಪಕ್ಷ ಮತ್ತೆ ಕೆಂಡಾಮಂಡಲವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಇದನ್ನು ಕೇವಲ ರಾಜಕಾರಣಿಗಳ ಎಂದಿನ ಇಬ್ಬಂದಿತನವೆಂದು ನಕ್ಕು ಬಿಡಬಹುದಿತ್ತು. ಆದರೆ ಈ ಆಟದ ಬೆಲೆ ತೆರುತ್ತಿರುವವರು ರಾಜಕಾರಣಿಗಳಲ್ಲ. ಕಳೆದ ಮೂರು ದಶಕಗಳಿಂದ ಬ್ರಿಟನ್ನಿನ ಎರಡೂ ಪ್ರಮುಖ ಪಕ್ಷಗಳು ಮೈಕಿನ ಮುಂದೆ ಶಿಕ್ಷೆಯ ವರ್ಷಗಳನ್ನು ಹೆಚ್ಚಿಸುತ್ತಾ, ಜೈಲಿನ ಹಿಂಬಾಗಿಲಿನಿಂದ ಆ ವರ್ಷಗಳನ್ನು ಕಡಿತಗೊಳಿಸುತ್ತಾ ಬಂದಿವೆ. ಹೀಗೆ ಮಾಡುವಾಗ ಅಪರಾಧಕ್ಕೆ ಒಳಗಾದವನಿಗೂ ಸತ್ಯ ಹೇಳುವುದಿಲ್ಲ, ಅಪರಾಧಿಗೂ ಹೇಳುವುದಿಲ್ಲ. ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಸ್ಕಾಟ್‌ಲ್ಯಾಂಡ್ ಮತ್ತು ಉತ್ತರ ಐರ್ಲೆಂಡ್‌ಗಳ ಜೈಲು ವ್ಯವಸ್ಥೆ ಪ್ರತ್ಯೇಕವಾದುದು. ನಾವಿಲ್ಲಿ ಹೇಳುತ್ತಿರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಕುರಿತು.

ಹಿಂದೆ ಹೀಗಿರಲಿಲ್ಲ ಎಂಬುದು ಗಮನಾರ್ಹ. 1990ರ ಫೆಬ್ರವರಿಯಲ್ಲಿ ಥ್ಯಾಚರ್ ಸರಕಾರ, ಹೌದು, ಸಾಕ್ಷಾತ್ ಥ್ಯಾಚರ್ ಸರಕಾರವೇ, ಪ್ರಕಟಿಸಿದ ಶ್ವೇತಪತ್ರವು ಜೈಲೆಂಬುದು ಕೆಟ್ಟವರನ್ನು ಇನ್ನಷ್ಟು ಕೆಡಿಸುವ ದುಬಾರಿ ವಿಧಾನವಾಗಬಹುದು ಎಂಬರ್ಥದ ಮಾತನ್ನಾಡಿತ್ತು. ಅದೇ ಎಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್‌ನ ಸ್ಟ್ರೇಂಜ್‌ವೇಸ್ ಜೈಲಿನ ಕೈದಿಗಳು ದಂಗೆಯೆದ್ದು 25 ದಿನಗಳ ಕಾಲ ಜೈಲಿನ ಮಾಡಿನ ಮೇಲೆ ಕುಳಿತರು. ಒಬ್ಬನಿಗಾಗಿ ಕಟ್ಟಿದ ಕೋಣೆಯಲ್ಲಿ ಇಬ್ಬರು ಮೂವರು, ಶೌಚಕ್ಕೆ ಮೂಲೆಯಲ್ಲೊಂದು ಬಕೆಟ್ಟು. ಇದು ಆಗಿನ ಪರಿಸ್ಥಿತಿ. ನ್ಯಾಯಮೂರ್ತಿ ವುಲ್ಫ್ ಅವರು ತನಿಖೆ ನಡೆಸಿ 1991ರಲ್ಲಿ ವರದಿ ಕೊಟ್ಟರು. ಕೈದಿಗಳನ್ನು ನ್ಯಾಯಯುತವಾಗಿ ನಡೆಸಿಕೊಳ್ಳದ ಜೈಲಿನಲ್ಲಿ ಭದ್ರತೆಯೂ ಉಳಿಯುವುದಿಲ್ಲ ಎಂಬುದು ಅದರ ತಿರುಳಾಗಿತ್ತು. ಸರಕಾರವೂ ಆ ದಾರಿಯಲ್ಲಿ ಹೆಜ್ಜೆಯಿಡಲಾರಂಭಿಸಿತ್ತು.

1993ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಪರಿಸರದ ಎರಡು ವರ್ಷದ ಮಗುವೊಂದನ್ನು ಹತ್ತು ವರ್ಷದ ಇಬ್ಬರು ಬಾಲಕರು ಕೊಂದರು. ಇಡೀ ದೇಶ ತಲ್ಲಣಗೊಂಡಿತು. ಆ ತಲ್ಲಣವನ್ನು ರಾಜಕೀಯ ಪಕ್ಷಗಳು ಚೆನ್ನಾಗಿ ಗುರುತಿಸಿದವು. ಲೇಬರ್ ಪಕ್ಷದ ನೆರಳು ಗೃಹ ಸಚಿವರಾಗಿದ್ದ ಟೋನಿ ಬ್ಲೇರ್ ಅವರು ಅಪರಾಧದ ವಿಷಯದಲ್ಲೂ ಅಪರಾಧದ ಕಾರಣಗಳ ವಿಷಯದಲ್ಲೂ ಕಠೋರವಾಗಿರುವುದಾಗಿ ಘೋಷಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕನ್ಸರ್ವೇಟಿವ್ ಗೃಹ ಸಚಿವ ಮೈಕೆಲ್ ಹೊವಾರ್ಡ್ ಅವರು ಪಕ್ಷದ ಅಧಿವೇಶನದಲ್ಲಿ, ಜೈಲು ಫಲ ಕೊಡುತ್ತದೆ ಎಂದು ಸಾರಿ ಚಪ್ಪಾಳೆ ಗಿಟ್ಟಿಸಿದರು. ಅಂದು ಆರಂಭವಾದ ಹರಾಜು ಇನ್ನೂ ಮುಗಿದಿಲ್ಲ. ಒಬ್ಬರು ಐದು ವರ್ಷ ಎಂದರೆ ಇನ್ನೊಬ್ಬರು ಏಳು ಎನ್ನುತ್ತಾರೆ. ಬ್ಲೇರ್ ಘೋಷಣೆಯ ಎರಡನೆಯ ಭಾಗವಾದ 'ಕಾರಣಗಳು' ಎಂಬ ಪದ ಎಲ್ಲಿ ಕಳೆದುಹೋಯಿತೆಂದು ಅವರ ಪಕ್ಷದವರಿಗೂ ಗೊತ್ತಿರಲಾರದು. 1993ರಲ್ಲಿ ಸುಮಾರು 45,000 ಇದ್ದ ಕೈದಿಗಳ ಸಂಖ್ಯೆ 2024ರ ಸೆಪ್ಟೆಂಬರ್ 6ರಂದು 88,521ಕ್ಕೆ ಮುಟ್ಟಿತು. ಅದು ಆ ದೇಶದ ದಾಖಲೆ.

ಹಾಗಾದರೆ ಅಪರಾಧವೂ ಇಮ್ಮಡಿಯಾಯಿತೇ? ಇಲ್ಲ. ಮನೆಮನೆಗೆ ಹೋಗಿ ಜನರನ್ನೇ ವಿಚಾರಿಸಿ ನಡೆಸುವ ಅಧಿಕೃತ ಅಪರಾಧ ಸಮೀಕ್ಷೆಯ ಪ್ರಕಾರ, ಆ ದೇಶದಲ್ಲಿ ಅಪರಾಧವು 1995ರಲ್ಲಿ ಶಿಖರಕ್ಕೇರಿ ಆ ಬಳಿಕ ಭಾರೀ ಪ್ರಮಾಣದಲ್ಲಿ ಕುಸಿಯಿತು. ಕಠಿಣ ಶಿಕ್ಷೆಯೇ ಈ ಕುಸಿತಕ್ಕೆ ಕಾರಣ ಎನ್ನುವವರಿದ್ದಾರೆ. ಆದರೆ ಇದೇ ಅವಧಿಯಲ್ಲಿ ಯುರೋಪಿನ ಇತರೆಡೆಗಳಲ್ಲೂ ಅಪರಾಧ ಇಳಿದಿದೆ. ನೆದರ್‌ಲ್ಯಾಂಡ್ಸ್ ತನ್ನ ಜೈಲುಗಳನ್ನು ಒಂದೊಂದಾಗಿ ಮುಚ್ಚಿತಲ್ಲದೆ, ಖಾಲಿ ಬಿದ್ದ ಜೈಲುಗಳನ್ನು ಬೆಲ್ಜಿಯಂ ಮತ್ತು ನಾರ್ವೆಗಳಿಗೆ ಬಾಡಿಗೆಗೂ ಕೊಟ್ಟಿತ್ತು. ಅಲ್ಲಿ ಆಕಾಶವೇನೂ ಕಳಚಿ ಬೀಳಲಿಲ್ಲ.

ಹೀಗೆಂದ ಮಾತ್ರಕ್ಕೆ ಬ್ರಿಟನ್ನಿನ ಸಾಮಾನ್ಯ ಜನರ ಭಯ ಬರೀ ಭ್ರಮೆ ಎಂದು ನಾವು ಹೇಳಲಾರೆವು. ಸಮೀಕ್ಷೆಯ ಅಂಕಿಗಳನ್ನು ಮುಂದಿಟ್ಟು ಜನರನ್ನು ಅಜ್ಞಾನಿಗಳೆಂದು ಜರೆಯುವ ಪಂಡಿತರ ಬಗ್ಗೆ ನಮಗೆ ಗೌರವವಿಲ್ಲ. 2025ರ ಮಾರ್ಚ್‌ಗೆ ಕೊನೆಗೊಂಡ ಒಂದು ವರ್ಷದಲ್ಲಿ ಪೊಲೀಸರು ದಾಖಲಿಸಿದ ಅಂಗಡಿ ಕಳ್ಳತನಗಳ ಸಂಖ್ಯೆ 5 ಲಕ್ಷ 30 ಸಾವಿರವನ್ನು ಮೀರಿತ್ತು. ಬರ್ಮಿಂಗ್‌ಹ್ಯಾಮ್, ಬ್ರಾಡ್‌ಫರ್ಡ್, ಲೆಸ್ಟರ್‌ಗಳ ಮೂಲೆಯಂಗಡಿಗಳನ್ನು ನಡೆಸುವವರಲ್ಲಿ ಬಹಳಷ್ಟು ಮಂದಿ ಗುಜರಾತಿನಿಂದಲೋ ಪಂಜಾಬಿನಿಂದಲೋ ಮೀರ್‌ಪುರದಿಂದಲೋ ಹೋದ ಕುಟುಂಬದವರು. ಕಣ್ಣೆದುರೇ ಸರಕು ಎತ್ತಿಕೊಂಡು ಹೋಗುವವನನ್ನು ತಡೆಯಲು ಹೋದರೆ ಏಟು, ತಡೆಯದಿದ್ದರೆ ನಷ್ಟ. ಪೊಲೀಸರಿಗೆ ಕರೆ ಮಾಡಿದರೆ ಒಂದು ದೂರು ಸಂಖ್ಯೆ ಸಿಗುತ್ತದೆ, ಅಷ್ಟೇ. 2010ರ ನಂತರ ಖರ್ಚು ಉಳಿಸುವ ಹೆಸರಲ್ಲಿ ಕನ್ಸರ್ವೇಟಿವ್ ನೇತೃತ್ವದ ಸರಕಾರಗಳು ಪೊಲೀಸ್ ಅಧಿಕಾರಿಗಳ ಸಂಖ್ಯೆಯನ್ನು ಸುಮಾರು 20,000ದಷ್ಟು ಇಳಿಸಿದವು. 2019ರಲ್ಲಿ ಅದೇ ಪಕ್ಷದ ಬೋರಿಸ್ ಜಾನ್ಸನ್ ಅವರು 20,000 ಪೊಲೀಸರನ್ನು ನೇಮಿಸುವುದಾಗಿ ದೊಡ್ಡ ಕೊಡುಗೆಯೆಂಬಂತೆ ಘೋಷಿಸಿದರು. ಕಿತ್ತುಕೊಂಡದ್ದನ್ನೇ ಹಿಂದಿರುಗಿಸಿ ದಾನಿ ಎನಿಸಿಕೊಳ್ಳುವ ಕಲೆ ಎಲ್ಲ ದೇಶಗಳ ರಾಜಕಾರಣಿಗಳಿಗೂ ಕರಗತವಾಗಿದೆ. ಆದರೆ ಹೋದವರ ಅನುಭವ ಹಿಂದಿರುಗಲಿಲ್ಲ. ದಾಖಲಾಗುವ ನೂರು ಅಪರಾಧಗಳಲ್ಲಿ ಹತ್ತು ಪ್ರಕರಣಗಳಲ್ಲೂ ಆರೋಪ ಹೊರಿಸಲಾಗುತ್ತಿಲ್ಲ. ಕಳ್ಳನಿಗೆ ಅಂಜಿಕೆ ಹುಟ್ಟುವುದು ಸಿಕ್ಕಿಬೀಳುವ ಖಾತ್ರಿಯಿಂದ. ಸಿಕ್ಕಿಬೀಳುವ ಭಯವೇ ಇಲ್ಲದಿರುವಾಗ ಶಿಕ್ಷೆ ಐದು ವರ್ಷವಾದರೇನು, ಐವತ್ತಾದರೇನು?

ಜೈಲಿನ ಒಳಗಿನ ಕಥೆಯೂ ಇದೇ. 2012ರಿಂದ 2015ರ ತನಕ ನ್ಯಾಯ ಸಚಿವರಾಗಿದ್ದ ಕ್ರಿಸ್ ಗ್ರೇಲಿಂಗ್ ಅವರ ಕಾಲದಲ್ಲಿ ಕೈದಿಗಳಿಗೆ ಹೊರಗಿನಿಂದ ಪುಸ್ತಕಗಳ ಪಾರ್ಸೆಲ್ ಬರುವುದನ್ನೂ ನಿರ್ಬಂಧಿಸಲಾಗಿತ್ತು. 2014ರ ಡಿಸೆಂಬರ್‌ನಲ್ಲಿ ಹೈಕೋರ್ಟು ಅದನ್ನು ಕಾನೂನುಬಾಹಿರ ಎಂದು ಸಾರಿತು. ಬಿಡುಗಡೆಯಾದವರ ಮೇಲೆ ನಿಗಾ ಇಡುವ ಪ್ರೊಬೇಷನ್ ಇಲಾಖೆಯ ಬಹುಭಾಗವನ್ನು ಅದೇ ಸಚಿವರು ಖಾಸಗಿಯವರಿಗೆ ವಹಿಸಿಕೊಟ್ಟರು. ಅದು ಎಷ್ಟು ಕೆಟ್ಟಿತೆಂದರೆ, 2021ರಲ್ಲಿ ಅವರ ಪಕ್ಷದ ಸರಕಾರವೇ ಅದನ್ನು ಮರಳಿ ಸರಕಾರದ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಒಬ್ಬ ಕೈದಿಗೆ ವರ್ಷಕ್ಕೆ 50,000 ಪೌಂಡಿಗೂ ಮಿಕ್ಕಿ ಖರ್ಚಾಗುತ್ತದೆ. ಒಂದು ವರ್ಷಕ್ಕಿಂತ ಕಡಿಮೆ ಶಿಕ್ಷೆಯನ್ನು ಮುಗಿಸಿ ಹೊರಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವರ್ಷದೊಳಗೆ ಮತ್ತೆ ಅಪರಾಧವೆಸಗುತ್ತಾರೆ. ಇನ್ನು ಹೊಸ ಜೈಲುಗಳ ವಿಷಯ. 2020ರ ದಶಕದ ಮಧ್ಯದೊಳಗೆ 20,000 ಹೊಸ ಸ್ಥಳಗಳನ್ನು ನಿರ್ಮಿಸುವ ವಾಗ್ದಾನ ನೀಡಲಾಗಿತ್ತು. 2024ರ ಸೆಪ್ಟೆಂಬರ್ ವೇಳೆಗೆ ಮೂರನೇ ಒಂದು ಭಾಗವಷ್ಟೇ ಸಿದ್ಧವಾಗಿತ್ತು. ಯಾಕೆಂದರೆ ಬಕಿಂಗ್‌ಹ್ಯಾಮ್‌ಶೈರ್, ಲೆಸ್ಟರ್‌ಶೈರ್, ಲ್ಯಾಂಕಾಶೈರ್‌ಗಳಲ್ಲಿ ಸ್ಥಳೀಯ ಆಡಳಿತಗಳು ನಿರ್ಮಾಣಕ್ಕೆ ಅನುಮತಿಯನ್ನೇ ನಿರಾಕರಿಸಿದವು. ಅಪರಾಧಿಗಳು ಜೈಲಿಗೆ ಹೋಗಬೇಕು, ಆದರೆ ಆ ಜೈಲು ನಮ್ಮೂರಲ್ಲಿ ಬೇಡ!

2025ರ ಜುಲೈಯಲ್ಲಿ ರಿಫಾರ್ಮ್ ಯುಕೆ ಪಕ್ಷದ ನಾಯಕ ನೈಜೆಲ್ ಫರಾಜ್ ಈ ಹರಾಜಿಗೆ ಹೊಸ ಬೆಲೆ ಕೂಗಿದರು. ಐದು ವರ್ಷಗಳಲ್ಲಿ ಅಪರಾಧವನ್ನು ಅರ್ಧಕ್ಕಿಳಿಸುತ್ತೇವೆ, 30,000 ಹೊಸ ಪೊಲೀಸರು, 30,000 ಹೊಸ ಜೈಲು ಸ್ಥಳಗಳು, ಬೇಕಿದ್ದರೆ ಕೈದಿಗಳನ್ನು ಎಲ್ ಸಾಲ್ವಡಾರ್‌ನಂತಹ ದೇಶಗಳ ಜೈಲುಗಳಿಗೂ ಕಳುಹಿಸುತ್ತೇವೆ ಎಂದರು. ಹಿಂದಿನ ಎರಡು ಪಕ್ಷಗಳು ಮೂವತ್ತು ವರ್ಷ ಹದಗೊಳಿಸಿದ ನೆಲದಲ್ಲಿ ಮೂರನೆಯವರು ಬೆಳೆ ತೆಗೆಯಲು ಬಂದಿದ್ದಾರೆ. ಅವರನ್ನು ದೂರಿ ಪ್ರಯೋಜನವೇನು?

ಇನ್ನು 2024ರ ಗಲಭೆಗಳಿಗೆ ಬರೋಣ. ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ನೃತ್ಯ ತರಗತಿಗೆ ಬಂದಿದ್ದ ಮೂವರು ಪುಟ್ಟ ಹೆಣ್ಣುಮಕ್ಕಳನ್ನು 17ರ ಹರೆಯದ ಯುವಕನೊಬ್ಬ ಇರಿದು ಕೊಂದನು. ಹಂತಕನು ದೋಣಿಯಲ್ಲಿ ಬಂದಿಳಿದ ಮುಸ್ಲಿಮ್ ಆಶ್ರಯಾಕಾಂಕ್ಷಿ ಎಂಬ ವದಂತಿ ಹಬ್ಬಿತು. ಆತ ಮುಸ್ಲಿಮನೂ ಅಲ್ಲ, ದೋಣಿಯಲ್ಲಿ ಬಂದವನೂ ಅಲ್ಲ. ಕಾರ್ಡಿಫ್ ನಗರದಲ್ಲಿ ಹುಟ್ಟಿದವನು. ಆದರೂ ಮರುದಿನ ಸೌತ್‌ಪೋರ್ಟ್‌ನ ಮಸೀದಿಗೆ ಇಟ್ಟಿಗೆ ತೂರಲಾಯಿತು. ರಾದರ್‌ಹ್ಯಾಮ್ ಮತ್ತು ಟ್ಯಾಮ್‌ವರ್ತ್‌ಗಳಲ್ಲಿ ಆಶ್ರಯಾಕಾಂಕ್ಷಿಗಳು ತಂಗಿದ್ದ ಹೊಟೇಲುಗಳಿಗೆ ಬೆಂಕಿಯಿಡುವ ಯತ್ನ ನಡೆಯಿತು. ಸರಕಾರವು ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿತು. ಕೆಲವೇ ದಿನಗಳಲ್ಲಿ ನ್ಯಾಯಾಲಯಗಳು ಶಿಕ್ಷೆ ವಿಧಿಸತೊಡಗಿದವು. ಮಸೀದಿಯ ಗೋಡೆಯನ್ನು ಮರುದಿನವೇ ಆ ಊರಿನ ಮುಸ್ಲಿಮೇತರ ನೆರೆಹೊರೆಯವರು ಬಂದು ಕಟ್ಟಿಕೊಟ್ಟರು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಮಸೀದಿಗೆ ಕಲ್ಲೆಸೆದವನು ಜೈಲಿಗೆ ಹೋದಾಗ ನಮಗೆ ಸಮಾಧಾನವಾಗುವುದು ಸಹಜ. ಆದರೆ ನ್ಯಾಯದ ಅಳತೆಗೋಲು ನಮ್ಮವರಿಗೊಂದು, ಪರರಿಗೊಂದು ಆಗಬಾರದು. 2011ರ ಆಗಸ್ಟ್‌ನಲ್ಲಿ, ಪೊಲೀಸರ ಗುಂಡಿಗೆ ಕರಿಯ ವರ್ಣೀಯನೊಬ್ಬ ಬಲಿಯಾದಾಗ ಲಂಡನ್ನಿನ ಟಾಟೆನ್‌ಹ್ಯಾಮ್‌ನಿಂದ ಗಲಭೆ ಹರಡಿತ್ತು. ಆಗಲೂ ನ್ಯಾಯಾಲಯಗಳು ರಾತ್ರಿಯಿಡೀ ಕಲಾಪ ನಡೆಸಿದ್ದವು. ಮೂರೂವರೆ ಪೌಂಡ್ ಬೆಲೆಯ ನೀರಿನ ಬಾಟಲಿಗಳನ್ನು ಕದ್ದ ವಿದ್ಯಾರ್ಥಿಗೆ ಆರು ತಿಂಗಳ ಜೈಲಾಗಿತ್ತು. ಆಗ ಸರಕಾರಿ ಅಭಿಯೋಜನಾ ಇಲಾಖೆಯ ಮುಖ್ಯಸ್ಥರಾಗಿದ್ದವರು ಕೀರ್ ಸ್ಟಾರ್ಮರ್. 2024ರ ಗಲಭೆಯ ವೇಳೆ ಪ್ರಧಾನಿಯಾಗಿದ್ದವರೂ ಅವರೇ. ಬಿಳಿಯರಿಗೊಂದು ನ್ಯಾಯ, ಇತರರಿಗೊಂದು ನ್ಯಾಯ ಎಂದು ಅವರ ಮೇಲೆ ಮುಗಿಬಿದ್ದವರು ಈ 2011ನ್ನು ನೆನಪಿಸಿಕೊಳ್ಳುವುದಿಲ್ಲ. ಗಲಭೆಕೋರರಿಗೆ ಜಾಗ ಮಾಡಿಕೊಡಲೆಂದೇ ಹಳೆಯ ಕೈದಿಗಳನ್ನು ಬಿಡಲಾಯಿತೆಂಬ ಪ್ರಚಾರವೂ ನಡೆಯಿತು. ಬಿಡುಗಡೆಯ ನಿರ್ಧಾರ ಪ್ರಕಟವಾದದ್ದು ಜುಲೈ 12ರಂದು, ಅಂದರೆ ಸೌತ್‌ಪೋರ್ಟ್ ಕೊಲೆಗಳಿಗೆ ಎರಡು ವಾರ ಮೊದಲು.

ಆ ಬಿಡುಗಡೆಯಲ್ಲಿ ಆದ ಅನ್ಯಾಯ ಬೇರೆಯೇ ಇತ್ತು. ತಡೆಯಾಜ್ಞೆ ಉಲ್ಲಂಘಿಸಿದ್ದಕ್ಕಾಗಿ, ಅಂದರೆ ತನ್ನಿಂದ ದೂರವಿರಬೇಕೆಂದು ಮಹಿಳೆಯೊಬ್ಬಳು ಕೋರ್ಟಿನಿಂದ ಪಡೆದಂತಹ ಆಜ್ಞೆಯನ್ನು ಮುರಿದದ್ದಕ್ಕಾಗಿ, ಒಳಗಿದ್ದ 37 ಮಂದಿಯನ್ನು ತಪ್ಪಿ ಬಿಡುಗಡೆ ಮಾಡಲಾಯಿತು. ರದ್ದಾದ ಹಳೆಯ ಕಾನೂನಿನ ಹೆಸರಲ್ಲಿ ಅವರ ಪ್ರಕರಣಗಳು ದಾಖಲಾಗಿದ್ದುದೇ ಕಾರಣ. 2025ರ ಮಾರ್ಚ್‌ವರೆಗಿನ ಒಂದು ವರ್ಷದಲ್ಲಿ ಹೀಗೆ ಪ್ರಮಾದದಿಂದ ಹೊರಬಿದ್ದ ಕೈದಿಗಳು ಒಟ್ಟು 262. ಅದರ ಹಿಂದಿನ ವರ್ಷ ಈ ಸಂಖ್ಯೆ 115 ಇತ್ತು. ಹೊಡೆದ ಗಂಡನು ಬಾಗಿಲ ಬಳಿ ನಿಂತಿರುವುದನ್ನು ಕಂಡಾಗಲೇ ಅವನ ಬಿಡುಗಡೆಯ ಸುದ್ದಿ ತಿಳಿಯಬೇಕಾದ ಸ್ಥಿತಿ ಒಬ್ಬ ಹೆಣ್ಣುಮಗಳಿಗೆ ಬಂದರೂ ಅದು ಸಾರ್ವಜನಿಕ ಸುರಕ್ಷತೆಯ ವೈಫಲ್ಯವೇ. ಆದರೆ ಇಂತಹ ಹೆಣ್ಣುಮಕ್ಕಳಿಗಾಗಿ ಯಾವ ಪಕ್ಷದ ಅಧಿವೇಶನದಲ್ಲೂ ಚಪ್ಪಾಳೆ ಬೀಳುವುದಿಲ್ಲ.

ಆ ಬಿಡುಗಡೆಯ ಹೊಣೆ ಹೊತ್ತಿದ್ದ ನ್ಯಾಯ ಸಚಿವೆ ಶಬಾನಾ ಮಹ್ಮೂದ್. ಬರ್ಮಿಂಗ್‌ಹ್ಯಾಮ್‌ನವರು, ಮೀರ್‌ಪುರ ಮೂಲದ ಕುಟುಂಬದವರು, ಪವಿತ್ರ ಕುರ್‌ಆನನ್ನು ಹಿಡಿದು ಲಾರ್ಡ್ ಚಾನ್ಸಲರ್ ಹುದ್ದೆಯ ಪ್ರಮಾಣ ಸ್ವೀಕರಿಸಿದವರು. ನಮ್ಮಲ್ಲಿ ಹಲವರು ಅದನ್ನು ಸಂಭ್ರಮದಿಂದ ಹಂಚಿಕೊಂಡರು. ಸಂಭ್ರಮಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ 2025ರ ಮಾರ್ಚ್‌ನಲ್ಲಿ ಏನಾಯಿತು ಎಂಬುದನ್ನೂ ಗಮನಿಸಬೇಕು. ಶಿಕ್ಷೆ ವಿಧಿಸುವ ಮುನ್ನ ಆರೋಪಿಯ ಹಿನ್ನೆಲೆಯ ವರದಿ ತರಿಸಿಕೊಳ್ಳಬೇಕಾದ ಸಂದರ್ಭಗಳ ಪಟ್ಟಿಯಲ್ಲಿ ಜನಾಂಗೀಯ ಮತ್ತು ಧಾರ್ಮಿಕ ಅಲ್ಪಸಂಖ್ಯಾತರನ್ನೂ ಸೇರಿಸಿ ಸ್ವತಂತ್ರ ಸೆಂಟೆನ್ಸಿಂಗ್ ಕೌನ್ಸಿಲ್ ಮಾರ್ಗಸೂಚಿ ಸಿದ್ಧಪಡಿಸಿತ್ತು. ಶಿಕ್ಷೆಯಲ್ಲಿ ಒಂದು ದಿನದ ರಿಯಾಯಿತಿಯೂ ಅದರಲ್ಲಿರಲಿಲ್ಲ. ಆಗ ಕನ್ಸರ್ವೇಟಿವ್ ಪಕ್ಷದ ನೆರಳು ನ್ಯಾಯ ಸಚಿವರಾಗಿದ್ದ ರಾಬರ್ಟ್ ಜೆನ್ರಿಕ್ ಅವರು ಇದು ಎರಡು ಬಗೆಯ ನ್ಯಾಯ ಎಂದು ಬೊಬ್ಬೆಯಿಟ್ಟರು. ಮಹ್ಮೂದ್ ಅವರು ಪ್ರತಿಪಕ್ಷದ ಮಾತಿಗೆ ಉತ್ತರ ಕೊಡುವ ಬದಲು, ಅದನ್ನು ತಡೆಯಲು ಪ್ರತ್ಯೇಕ ಕಾನೂನನ್ನೇ ತಂದರು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ಅವರ ತರ್ಕದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅಸಮಾನತೆ ಇದೆಯೇ ಇಲ್ಲವೇ ಎಂಬ ಮೂಲ ಪ್ರಶ್ನೆ ಆ ಗದ್ದಲದಲ್ಲಿ ಮರೆಯಾಯಿತು.

ಅಸಮಾನತೆ ಇದೆ ಎಂದು ಹೇಳಿದ್ದು ಅವರ ಪಕ್ಷದವರೇ ಆದ ಡೇವಿಡ್ ಲ್ಯಾಮಿ. 2017ರಲ್ಲಿ ಅವರು ಸಲ್ಲಿಸಿದ ವರದಿಯ ಪ್ರಕಾರ, ಜನಸಂಖ್ಯೆಯಲ್ಲಿ ಶೇಕಡಾ 14ರಷ್ಟಿದ್ದ ಕರಿಯ, ಏಷ್ಯನ್ ಮತ್ತಿತರ ಅಲ್ಪಸಂಖ್ಯಾತರು ಜೈಲುಗಳಲ್ಲಿ ಶೇಕಡಾ 25ರಷ್ಟಿದ್ದರು. ಅದೇ ವರದಿಯು, ನ್ಯಾಯ ವ್ಯವಸ್ಥೆಯ ವಿವಿಧ ಹಂತಗಳ ಪೈಕಿ ಜನಾಂಗ ನೋಡದೆ ನ್ಯಾಯ ಕೊಡುವ ಹಂತವೆಂದರೆ ಸಾಮಾನ್ಯ ನಾಗರಿಕರಿರುವ ಜ್ಯೂರಿ ಎಂದು ಶ್ಲಾಘಿಸಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಲ್ಯಾಮಿ ಅವರೇ ನ್ಯಾಯ ಸಚಿವರಾದರು. ಮೂರು ತಿಂಗಳೊಳಗೆ ಅವರು ಮುಂದಿಟ್ಟ ದೊಡ್ಡ ಪ್ರಸ್ತಾಪವೆಂದರೆ, ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯಾಗಬಹುದಾದ ಬಹುತೇಕ ಪ್ರಕರಣಗಳಲ್ಲಿ ಜ್ಯೂರಿಯನ್ನು ಕೈಬಿಡುವುದು!

ಮುಸ್ಲಿಮರ ಲೆಕ್ಕ ಇನ್ನೂ ಭಾರವಾಗಿದೆ. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅವರು ಶೇಕಡಾ 6.5. ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಕೈದಿಗಳಲ್ಲಿ ಅವರ ಪಾಲು ಶೇಕಡಾ 18ರ ಆಸುಪಾಸು. ಇದನ್ನು ಭಯೋತ್ಪಾದನೆಗೆ ಗಂಟು ಹಾಕುವವರಿಗೆ ಲ್ಯಾಮಿ ವರದಿಯೇ ಉತ್ತರ ಕೊಟ್ಟಿದೆ. ಅಂತಹ ಪ್ರಕರಣಗಳ ಪಾಲು ತೀರಾ ಚಿಕ್ಕದು. ಬಡತನ ಒಂದು ಕಾರಣ. ತಾರತಮ್ಯ ಇನ್ನೊಂದು. ಆದರೆ ಈ ಎರಡನ್ನು ಹೇಳಿ ಮುಗಿಸಿದರೆ ನಾವು ಪ್ರಾಮಾಣಿಕರಾಗುವುದಿಲ್ಲ. ಆ ಯುವಕರಲ್ಲಿ ಮಾದಕ ವಸ್ತು ಮಾರಿದವರಿದ್ದಾರೆ, ಚೂರಿ ಹಾಕಿದವರಿದ್ದಾರೆ. ಮದುವೆ ಸಭಾಂಗಣಗಳಿಗೆ ಸುರಿಯುವ ಹಣದಲ್ಲಿ ಒಂದಂಶವನ್ನಾದರೂ ದಾರಿ ತಪ್ಪುತ್ತಿರುವ ಹುಡುಗರ ಬಳಿಗೆ ಒಯ್ಯಲು ಅಲ್ಲಿನ ಜಮಾಅತ್‌ಗಳಿಗೆ ಸಾಧ್ಯವಾಗಬೇಕಿತ್ತು. ಜೈಲಿನ ಒಳಗೆ ವೇತನ ಪಡೆಯುವ ಇಮಾಮರಿದ್ದಾರೆ. ಹೊರಬಂದವನಿಗೆ ಕೆಲಸ ಕೊಡುವ ಅಂಗಡಿ, ಹೆಣ್ಣು ಕೊಡುವ ಮನೆ ಸಿಗುವುದು ಬಹಳ ಕಷ್ಟ. ಈ ವಿಷಯದಲ್ಲಿ ನಮ್ಮೂರುಗಳ ಮೊಹಲ್ಲಾಗಳು ಬೇರೆಯೇನೂ ಅಲ್ಲ. ಜೈಲಿನಿಂದ ಬಂದವರಿಗೆ ಕೀಲಿ ತಯಾರಿಸುವ, ಚಪ್ಪಲಿ ರಿಪೇರಿಯ ತಮ್ಮ ಅಂಗಡಿಗಳಲ್ಲಿ ದಶಕಗಳಿಂದ ಕೆಲಸ ಕೊಡುತ್ತಾ ಬಂದ ಕಂಪೆನಿಯ ಜೇಮ್ಸ್ ಟಿಂಪ್ಸನ್ ಎಂಬವರನ್ನು 2024ರಲ್ಲಿ ಸ್ಟಾರ್ಮರ್ ಜೈಲು ಸಚಿವರನ್ನಾಗಿ ಮಾಡಿದರು. ಈ ಇಡೀ ವಿವಾದದಲ್ಲಿ ನಮಗೆ ಭರವಸೆ ಮೂಡಿಸಿದ ಅಪರೂಪದ ನೇಮಕಾತಿ ಅದು.

ಹಾಗೆಂದು ಅವರ ಕೈಗೂ ಬಿಡಿಸಲಾಗದ ಗಂಟೊಂದಿದೆ. ನಮ್ಮ ದೇಶದಲ್ಲಿ ಶಿಕ್ಷೆಯೇ ಆಗದೆ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುವ ವಿಚಾರಣಾಧೀನರ ಪಾಡು ಓದುಗರಿಗೆ ಗೊತ್ತೇ ಇದೆ. ಬ್ರಿಟನ್ನಿನದು ಬೇರೆ ಬಗೆ. ಅಲ್ಲಿ ಶಿಕ್ಷೆಯ ಅವಧಿ ಮುಗಿದರೂ ಹೊರಬರಲಾಗದವರಿದ್ದಾರೆ. 2003ರ ಕಾನೂನಿನಲ್ಲಿ ಗೃಹ ಸಚಿವ ಡೇವಿಡ್ ಬ್ಲಂಕೆಟ್ ಅವರು 'ಸಾರ್ವಜನಿಕ ರಕ್ಷಣೆಗಾಗಿ ಸೆರೆವಾಸ' ಎಂಬ ಹೊಸ ಶಿಕ್ಷೆಯನ್ನು ತಂದರು. 2005ರಲ್ಲಿ ಅದು ಜಾರಿಗೆ ಬಂತು. ನ್ಯಾಯಾಧೀಶರು ಕನಿಷ್ಠ ಅವಧಿಯೊಂದನ್ನು ಹೇಳುತ್ತಾರೆ. ಕೆಲವೊಮ್ಮೆ ಎರಡು ವರ್ಷಕ್ಕೂ ಕಡಿಮೆ. ಅದು ಮುಗಿದ ಬಳಿಕ, ತಾನು ಅಪಾಯಕಾರಿಯಲ್ಲ ಎಂದು ಕೈದಿಯು ಪರೋಲ್ ಮಂಡಳಿಗೆ ಮನವರಿಕೆ ಮಾಡುವ ತನಕ ಒಳಗೇ ಇರಬೇಕು. ಅದಕ್ಕಾಗಿ ಮುಗಿಸಬೇಕಾದ ತರಬೇತಿಗಳು ಎಷ್ಟೋ ಜೈಲುಗಳಲ್ಲಿ ಇರಲೇ ಇಲ್ಲ. 900 ಮಂದಿಗೆ ಅನ್ವಯಿಸಬಹುದೆಂದು ಅಂದಾಜಿಸಿದ್ದ ಶಿಕ್ಷೆಯನ್ನು 8,711 ಬಾರಿ ವಿಧಿಸಲಾಯಿತು. ಹೊರಬಂದವನೂ ಸಣ್ಣ ನಿಯಮ ಮುರಿದರೆ ಮತ್ತೆ ಅನಿರ್ದಿಷ್ಟಾವಧಿಗೆ ಒಳಗೆ. ಮೊಬೈಲ್ ದೋಚಿದ್ದಕ್ಕೆ ಎರಡು ವರ್ಷದ ಕನಿಷ್ಠ ಅವಧಿ ಪಡೆದ ಯುವಕನೊಬ್ಬ ಹನ್ನೆರಡು ವರ್ಷ ಕಳೆದರೂ ಒಳಗಿದ್ದ. ಈ ಶಿಕ್ಷೆಗೊಳಗಾದ 80ಕ್ಕೂ ಹೆಚ್ಚು ಮಂದಿ ಜೈಲಿನೊಳಗೆ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡಿದ್ದಾರೆ.

2012ರಲ್ಲಿ ಕನ್ಸರ್ವೇಟಿವ್ ಸಚಿವ ಕೆನೆತ್ ಕ್ಲಾರ್ಕ್ ಅವರ ಕಾನೂನು ಈ ಶಿಕ್ಷೆಯನ್ನು ರದ್ದುಪಡಿಸಿತು. ಆದರೆ ಅದಾಗಲೇ ಶಿಕ್ಷೆಗೊಳಗಾದವರಿಗೆ ಆ ರದ್ದತಿ ಅನ್ವಯಿಸಲಿಲ್ಲ. ಅದನ್ನು ತಂದ ಬ್ಲಂಕೆಟ್ ಅವರೇ ಪಶ್ಚಾತ್ತಾಪ ವ್ಯಕ್ತಪಡಿಸಿದ್ದಾರೆ. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಬ್ರೌನ್ ಅವರು ಅದನ್ನು ದೇಶದ ನ್ಯಾಯ ವ್ಯವಸ್ಥೆಯ ಮೇಲಿನ ಅತಿದೊಡ್ಡ ಕಳಂಕವೆಂದು ಕರೆದರು. ಇವರೆಲ್ಲರಿಗೂ ಹೊಸದಾಗಿ ನಿಶ್ಚಿತ ಅವಧಿಯ ಶಿಕ್ಷೆ ನಿಗದಿಪಡಿಸಬೇಕೆಂದು 2022ರಲ್ಲಿ ಸಂಸತ್ತಿನ ನ್ಯಾಯ ಸಮಿತಿ ಶಿಫಾರಸು ಮಾಡಿತು. 2023ರಲ್ಲಿ ಕನ್ಸರ್ವೇಟಿವ್ ಸರಕಾರ ಅದನ್ನು ತಿರಸ್ಕರಿಸಿತು. 2024ರಲ್ಲಿ ಬಂದ ಲೇಬರ್ ಸರಕಾರವೂ ಒಪ್ಪಲಿಲ್ಲ. ಬಿಡುಗಡೆಯಾದವರಲ್ಲಿ ಒಬ್ಬನೇ ಒಬ್ಬ ನಾಳೆ ಕೊಲೆ ಮಾಡಿದರೆ ಪತ್ರಿಕೆಗಳ ಮುಖಪುಟದಲ್ಲಿ ತಮ್ಮ ಸಚಿವರ ಚಿತ್ರ ಬರುತ್ತದೆ ಎಂಬ ಭಯ ಇಬ್ಬರಿಗೂ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಸಾವಿರಾರು ಕೈದಿಗಳಿಗೆ ಜೈಲಿನ ಬಾಗಿಲು ಅವಧಿಗೆ ಮೊದಲೇ ತೆರೆದುಕೊಂಡಾಗ, ಅವಧಿ ಮುಗಿದು ಹತ್ತು ಹದಿನೈದು ವರ್ಷ ಕಳೆದಿದ್ದ ಈ ಕೈದಿಗಳಿಗೆ ಆ ಯೋಜನೆ ಅನ್ವಯಿಸುತ್ತಿರಲಿಲ್ಲ. ಒಮ್ಮೆಯೂ ಬಿಡುಗಡೆ ಕಾಣದ ಅಂತಹವರು ಆ ವರ್ಷದ ಕೊನೆಯಲ್ಲಿ ಇನ್ನೂ ಸುಮಾರು ಒಂದು ಸಾವಿರ ಮಂದಿ ಒಳಗಿದ್ದರು.